ಕೋಲಾರದ ಗಡಸು ನೀರು: ಇಡೀ ಮನೆಗೆ ಸಾಫ್ಟ್‌ನರ್ ಬೇಕಾ?

ಪ್ರಶ್ನೆ: ಸರ್, ಕೋಲಾರದಲ್ಲಿ ನಮ್ಮದು 30×40 ಸೈಟಿನ ಸ್ವಂತ ಮನೆ. ನಾನು, ಯಜಮಾನರು, ಅತ್ತೆ, ಆರು ವರ್ಷದ ಮಗ, ನಾಲ್ಕು ತಿಂಗಳ ಮಗಳು ಇದ್ದೇವೆ. ನಗರಸಭೆ ನೀರು ವಾರಕ್ಕೊಮ್ಮೆ ಬರುತ್ತದೆ. ಉಳಿದ ದಿನ ನಮ್ಮದೇ ಬೋರ್ ನೀರು, 1,100 ಅಡಿಯದು. ಎರಡೂ ಒಂದೇ ಸಂಪಿಗೆ ಬೀಳುತ್ತವೆ. ಎರಡು ವರ್ಷದಲ್ಲಿ ಗೀಸರ್ ಕಾಯಿಲ್ ಎರಡು ಸಲ ಹೋಯಿತು. ಸೋಪು ನೊರೆ ಬರುವುದಿಲ್ಲ, ಬಿಳಿ ಬಟ್ಟೆ ಮಾಸಲಾಗಿದೆ, ತೊಗರಿಬೇಳೆ ಎಷ್ಟು ಕೂಗಿಸಿದರೂ ಕರಗುವುದಿಲ್ಲ. ನನಗೆ ಕೂದಲು ತುಂಬಾ ಉದುರುತ್ತಿದೆ. ಯಜಮಾನರಿಗೆ ಹೋದ ವರ್ಷ ಕಿಡ್ನಿ ಸ್ಟೋನ್ ಆಗಿತ್ತು. ಅತ್ತೆಗೆ ಬಿ.ಪಿ. ಇದೆ. ಹೋದ ವಾರ ಒಬ್ಬರು ಮನೆಗೆ ಬಂದು ನಮ್ಮ ನೀರಿಗೆ ಎರಡು ಕಡ್ಡಿ ಇಳಿಸಿ ಕರೆಂಟ್ ಕೊಟ್ಟರು. ಎರಡೇ ನಿಮಿಷದಲ್ಲಿ ನೀರು ಕೆಸರಿನ ಹಾಗೆ ಆಯಿತು. ಮೀಟರಿನಲ್ಲಿ ಟಿಡಿಎಸ್ 1,150 ಬಂತು. 'ಇದನ್ನೇ ಕುಡಿಯುತ್ತಿದ್ದೀರಿ, ಇಡೀ ಮನೆಗೆ ಸಾಫ್ಟ್‌ನರ್ ಹಾಕಿಸಿ' ಅಂದರು. ಗಡಸು ನೀರನ್ನು ಮೆದು ಮಾಡುವ ಯಂತ್ರವಂತೆ. 68,000 ರೂಪಾಯಿ ಹೇಳಿದ್ದಾರೆ. ಮಗುವಿಗೆ ಬಾಟಲಿ ಹಾಲು ಶುರು ಮಾಡಬೇಕಾಗಿದೆ, ಹೆದರಿಕೆ ಆಗುತ್ತಿದೆ. ಏನು ಮಾಡಲಿ?

ಉತ್ತರ: ಮೊದಲು ಆ ಕೆಸರಿನ ವಿಷಯ ಮಾತಾಡೋಣ. ನಿಮ್ಮ ಹೆದರಿಕೆ ಶುರುವಾಗಿದ್ದೇ ಅಲ್ಲಿಂದ, ಅಲ್ವಾ?

ಆ ಕೆಸರು ನಿಮ್ಮ ನೀರಿನಲ್ಲಿ ಇರಲಿಲ್ಲ. ಅದು ಬಂದದ್ದು ಕಡ್ಡಿಯಿಂದ. ಅವರು ಇಳಿಸುವ ಕಡ್ಡಿಗಳಲ್ಲಿ ಒಂದು ಕಬ್ಬಿಣದ್ದು. ಉಪ್ಪಿನಂಶ ಇರುವ ನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ಹರಿದಾಗ ಕಬ್ಬಿಣ ಕರಗಿ, ತುಕ್ಕಿನ ಪುಡಿಯಾಗಿ ನೀರಿಗೆ ಇಳಿಯುತ್ತದೆ. ಪಕ್ಕದಲ್ಲಿ ಇಟ್ಟಿದ್ದ ಆರ್‌ಒ ನೀರು ತಿಳಿಯಾಗೇ ಉಳಿದಿರಬೇಕು. ಅದರಲ್ಲಿ ಉಪ್ಪಿನಂಶ ಕಡಿಮೆ, ಕರೆಂಟ್ ಹೆಚ್ಚು ಹರಿಯುವುದಿಲ್ಲ, ಹಾಗಾಗಿ ಕಡ್ಡಿಯೂ ಕರಗುವುದಿಲ್ಲ. ಇನ್ನೊಮ್ಮೆ ಯಾರಾದರೂ ಈ ಪರೀಕ್ಷೆ ತೋರಿಸಲು ಬಂದರೆ, ಅವರ ಆರ್‌ಒ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ, ಮತ್ತೆ ಮಾಡಿ ತೋರಿಸಿ ಅನ್ನಿ. ಅದೂ ಕೆಸರಾಗುತ್ತದೆ. ಹೆತ್ತ ತಾಯಿಯ ಮುಂದೆ ಹೀಗೆ ಲೋಟ ಹಿಡಿದು ಹೆದರಿಸಿ ವ್ಯಾಪಾರ ಮಾಡುವುದು ಸರಿಯಲ್ಲ. ಇದನ್ನು ನೋಡಿ ಸಾಲ ಮಾಡಿ ಯಂತ್ರ ಕೊಂಡವರು ನಮ್ಮ ಲ್ಯಾಬಿಗೆ ಬರುತ್ತಲೇ ಇರುತ್ತಾರೆ. ಆಗಲೇ ದುಡ್ಡು ಕಟ್ಟಿ ಆಗಿರುತ್ತದೆ. ನೀವು ಮೊದಲೇ ಕೇಳಿದಿರಿ, ಒಳ್ಳೆಯದಾಯಿತು.

ಹಾಗಂತ ನಿಮ್ಮ ನೀರಿನಲ್ಲಿ ತೊಂದರೆಯೇ ಇಲ್ಲ ಅಂತಲ್ಲ. ಗೀಸರ್, ಸೋಪು, ಬೇಳೆ ಮೂರೂ ಒಂದೇ ಮಾತು ಹೇಳುತ್ತಿವೆ: ನೀರು ಗಡಸು. ಆದರೆ ಗಡಸುತನ ಬೇರೆ, ನೀರು ಕೆಟ್ಟಿರುವುದು ಬೇರೆ. ನಿಮ್ಮ ಮನೆಗೆ ಸಾಫ್ಟ್‌ನರ್ ಬೇಕಾ ಅನ್ನುವುದಕ್ಕಿಂತ ಮುಂಚೆ ಈ ಎರಡನ್ನು ಬಿಡಿಸಿ ನೋಡಬೇಕು.

ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ, ಇಷ್ಟೇ ಗಡಸುತನ. ಕೋಲಾರದಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಊರಿನ ಕೆಳಗಿರುವುದು ಗ್ರಾನೈಟ್ ಮತ್ತು ನೈಸ್ ಅನ್ನುವ ಗಟ್ಟಿ ಬಂಡೆ. ಅಂತರಗಂಗೆ ಬೆಟ್ಟದಲ್ಲಿ ಮೇಲಕ್ಕೆ ಕಾಣುವ ಗುಂಡುಗಳ ತರಹದ್ದೇ ಕಲ್ಲು ನೆಲದೊಳಗೂ ಹಬ್ಬಿದೆ. ಮಳೆ ನೀರು ಮಣ್ಣಿನಲ್ಲಿ ಇಳಿಯುವಾಗ ಅಲ್ಲಿನ ಇಂಗಾಲದ ಡೈ ಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ನೀರು ಕಲ್ಲಿನ ಖನಿಜಗಳನ್ನು ನಿಧಾನವಾಗಿ ಕರಗಿಸುತ್ತದೆ. ಆಳದ ಬಿರುಕುಗಳಲ್ಲಿ ನೀರು ವರ್ಷಗಟ್ಟಲೆ ನಿಂತಿರುತ್ತದೆ. ನಿಂತಷ್ಟೂ ಕರಗುತ್ತದೆ. ಹಿಂದೆ ತೆರೆದ ಬಾವಿಯ ನೀರು ಕುಡಿಯುತ್ತಿದ್ದವರು 'ಬೋರ್ ಬಂದ ಮೇಲೆ ನೀರಿನ ರುಚಿ ಕೆಟ್ಟಿತು' ಅನ್ನುವುದಕ್ಕೆ ಇದೇ ಕಾರಣ. ಮಾರ್ಕಂಡೇಯ ನದಿಗೆ ಕಟ್ಟಿರುವ ಯರಗೋಳ್ ಅಣೆಕಟ್ಟಿನಂಥ ಕಡೆಯಿಂದ ಬರುವ ನೀರು ಮಳೆ ಹರಿದು ನಿಂತದ್ದು. ಅದು ಕಲ್ಲಿನ ಸಹವಾಸ ಅಷ್ಟು ಮಾಡಿರುವುದಿಲ್ಲ, ಸಾಮಾನ್ಯವಾಗಿ ಮೆದುವಾಗಿರುತ್ತದೆ.

ನೀರನ್ನು ಕಾಯಿಸಿದಾಗ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಸುಣ್ಣದ ಕಲ್ಲಾಗಿ ಕೂರುತ್ತದೆ. ಪಾತ್ರೆ ತಳದಲ್ಲಿ, ಹಂಡೆಯಲ್ಲಿ, ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರ ಅದೇ. ಈ ಭಾಗಕ್ಕೆ ತಾತ್ಕಾಲಿಕ ಗಡಸುತನ ಅನ್ನುತ್ತೇವೆ. ಸಲ್ಫೇಟ್, ಕ್ಲೋರೈಡ್ ಜೊತೆ ಇರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕುದಿಸಿದರೂ ಹೋಗುವುದಿಲ್ಲ. ಅದು ಶಾಶ್ವತ ಗಡಸುತನ. ಕೆಲವರ ಮನೆಯಲ್ಲಿ ಕುದಿಸಿ ಆರಿಸಿದ ನೀರಿನಲ್ಲಿ ಬೇಳೆ ಚೆನ್ನಾಗಿ ಬೇಯುತ್ತದೆ, ಕೆಲವರ ಮನೆಯಲ್ಲಿ ಬೇಯುವುದಿಲ್ಲ. ವ್ಯತ್ಯಾಸ ಇಷ್ಟೇ.

ಈಗ ಆ 1,150ರ ವಿಷಯ. ಟಿಡಿಎಸ್ ಮೀಟರ್ ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ ನೋಡಿ, ಒಟ್ಟು ಕರಗಿದ ಲವಣ ಎಷ್ಟಿರಬಹುದು ಅಂತ ಲೆಕ್ಕ ಹಾಕುತ್ತದೆ. ಅದರಲ್ಲಿ ಎಷ್ಟು ಕ್ಯಾಲ್ಸಿಯಂ, ಎಷ್ಟು ಸೋಡಿಯಂ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಫ್ಲೋರೈಡ್ ಎಷ್ಟಿದೆ, ಚರಂಡಿ ನೀರು ಸೇರಿದೆಯಾ, ರೋಗಾಣು ಇವೆಯಾ, ಇದ್ಯಾವುದನ್ನೂ ಹೇಳುವುದಿಲ್ಲ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500. ಅದರ ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಸಿಗದಿದ್ದರೆ 2,000ದವರೆಗೆ ಒಪ್ಪಬಹುದು. ಗಡಸುತನ 200ರ ಒಳಗಿದ್ದರೆ ಉತ್ತಮ, ಬೇರೆ ದಾರಿ ಇಲ್ಲದಿದ್ದರೆ 600ರವರೆಗೆ. ಅಂದರೆ ನಿಮ್ಮ 1,150 ರುಚಿಗೆ ಚೆನ್ನಾಗಿರುವುದಿಲ್ಲ, ಆದರೆ ಆ ಅಂಕಿ ಒಂದನ್ನೇ ನೋಡಿ ವಿಷ ಅನ್ನಲಾಗದು. ಗಡಸುತನಕ್ಕಂತೂ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ಕಾರಣಕ್ಕೆ ಅಂತ ಯಾವ ಮಿತಿಯನ್ನೂ ಇಟ್ಟಿಲ್ಲ.

ನಿಜವಾಗಿ ನೋಡಬೇಕಾದದ್ದು ಫ್ಲೋರೈಡ್ ಮತ್ತು ನೈಟ್ರೇಟ್.

ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ತುಮಕೂರಿನ ಪಾವಗಡ, ಈ ಕಡೆಯ ಆಳದ ಬೋರ್‌ಗಳಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಹೆಚ್ಚೆಂದರೆ 1.5. ಅದಕ್ಕೆ ರುಚಿ ಇಲ್ಲ, ಬಣ್ಣ ಇಲ್ಲ, ಪಾತ್ರೆಯಲ್ಲಿ ಕಲೆಯೂ ಕಟ್ಟುವುದಿಲ್ಲ. ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಕ್ಯಾಲ್ಸಿಯಂ ಜಾಸ್ತಿ ಇದ್ದ ಕಡೆ ಫ್ಲೋರೈಡ್ ಅದರ ಜೊತೆ ಸೇರಿ ಗಟ್ಟಿಯಾಗಿ ಹೊರಬೀಳುತ್ತದೆ. ಹಾಗಾಗಿ ಫ್ಲೋರೈಡ್ ಹೆಚ್ಚಿರುವ ಎಷ್ಟೋ ಬೋರ್‌ಗಳ ನೀರು ಅಷ್ಟೇನೂ ಗಡಸಾಗಿರುವುದಿಲ್ಲ. ಸೋಪು ನೊರೆ ಬರುತ್ತದೆ, ಬೇಳೆ ಬೇಯುತ್ತದೆ, ಮನೆಯವರು 'ನಮ್ಮದು ಒಳ್ಳೇ ನೀರು' ಅಂತ ನೆಮ್ಮದಿಯಾಗಿರುತ್ತಾರೆ, ಮಕ್ಕಳ ಹಲ್ಲು ಮಾತ್ರ ಕಂದು ಕಟ್ಟುತ್ತದೆ. ಹಲ್ಲಿನ ಹೊರಪದರ ರೂಪುಗೊಳ್ಳುವುದು ಸುಮಾರು ಎಂಟು ವರ್ಷದೊಳಗೆ. ನಿಮ್ಮ ಮಗನಿಗೆ ಈಗ ಆರು. ಆದ್ದರಿಂದ ಈ ಪರೀಕ್ಷೆ ಮುಂದಕ್ಕೆ ಹಾಕಬೇಡಿ.

ನೈಟ್ರೇಟ್ ಬರುವುದು ಶೌಚದ ಗುಂಡಿ, ಚರಂಡಿ, ಗೊಬ್ಬರದಿಂದ. ಮಿತಿ 45 ಮಿಲಿಗ್ರಾಂ. ಇದಕ್ಕೆ 'ಬೇರೆ ನೀರಿಲ್ಲದಿದ್ದರೆ ಪರವಾಗಿಲ್ಲ' ಅನ್ನುವ ರಿಯಾಯಿತಿ ಕೂಡ ಇಲ್ಲ. ದೊಡ್ಡವರಿಗಿಂತ ಆರು ತಿಂಗಳೊಳಗಿನ, ಬಾಟಲಿ ಹಾಲು ಕುಡಿಯುವ ಕೂಸಿಗೆ ಇದು ಅಪಾಯ. ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಮಗು ನೀಲಿಗಟ್ಟಬಹುದು. ಕುದಿಸಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಮತ್ತು ಫ್ಲೋರೈಡ್ ಎರಡೂ ಅಲ್ಲೇ ಉಳಿಯುತ್ತವೆ. ನೀರು ಆವಿಯಾದಷ್ಟೂ ಅವು ಇನ್ನಷ್ಟು ಗಟ್ಟಿಯಾಗುತ್ತವೆ. ಆರು ತಿಂಗಳವರೆಗೆ ಎದೆಹಾಲಷ್ಟೇ ಕುಡಿಯುವ ಮಗುವಿಗೆ ಹೊರಗಿನ ನೀರೇ ಬೇಕಿಲ್ಲ. ಬಾಟಲಿ ಹಾಲು ಕೊಡಲೇಬೇಕು ಅಂತ ಡಾಕ್ಟರ್ ಹೇಳಿದ್ದರೆ, ಪರೀಕ್ಷೆಯ ಫಲಿತಾಂಶ ಬರುವವರೆಗೆ ನಿಮ್ಮ ಬೋರ್ ನೀರಿನಲ್ಲಿ ಹಾಲಿನ ಪುಡಿ ಕಲಸಬೇಡಿ. ಐಎಸ್‌ಐ ಗುರುತಿರುವ ಸೀಲ್ ಮಾಡಿದ ಬಾಟಲಿ ನೀರು ತಂದು, ಅದನ್ನು ಕುದಿಸಿ ಬಳಸಿ.

ಪರೀಕ್ಷೆ ಕಷ್ಟವೇನಲ್ಲ. ಜಿಲ್ಲಾ ಮಟ್ಟದಲ್ಲಿ ಸರ್ಕಾರದ ನೀರು ಪರೀಕ್ಷಾ ಪ್ರಯೋಗಾಲಯ ಇರುತ್ತದೆ, ಖಾಸಗಿ ಲ್ಯಾಬ್‌ಗಳೂ ಇವೆ. ಮೋಟಾರ್ ಹಾಕಿ ಹತ್ತು ನಿಮಿಷ ನೀರು ಹರಿಯಲು ಬಿಡಿ. ಎರಡು ಲೀಟರಿನ ಶುದ್ಧ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ, ಆಮೇಲೆ ತುಂಬಿ. ನೀರು ಸಂಪಿನಿಂದ ಬೇಡ, ಬೋರ್ ಪೈಪಿನಿಂದಲೇ ಹಿಡಿಯಿರಿ. ನಗರಸಭೆ ನೀರನ್ನು ಬೇರೆ ಬಾಟಲಿಯಲ್ಲಿ ಕೊಡಿ. ರೋಗಾಣು ಪರೀಕ್ಷೆಗೆ ಲ್ಯಾಬಿನವರೇ ಬೇರೆ ಬಾಟಲಿ ಕೊಡುತ್ತಾರೆ. ಗಡಸುತನ, ಟಿಡಿಎಸ್, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ರೋಗಾಣು, ಇಷ್ಟು ಕೇಳಿ.

ಸಾಧ್ಯವಾದರೆ ಗಡಸುತನದ ಪರೀಕ್ಷೆ ಎದುರಿಗೇ ನಿಂತು ನೋಡಿ. ಗಾಜಿನ ಫ್ಲಾಸ್ಕಿನಲ್ಲಿ 50 ಮಿ.ಲೀ. ನೀರಿಗೆ ಚಿಟಿಕೆ ಬಣ್ಣದ ಪುಡಿ ಹಾಕುತ್ತಾರೆ. ನೀರು ಕಪ್ಪು ದ್ರಾಕ್ಷಿ ರಸದ ಬಣ್ಣಕ್ಕೆ ತಿರುಗುತ್ತದೆ. ಮೇಲಿನ ಬ್ಯೂರೆಟ್ಟಿನಿಂದ, ಅಂದರೆ ಅಳತೆ ಗೆರೆಯಿರುವ ಗಾಜಿನ ಕೊಳವೆಯಿಂದ, ಇಡಿಟಿಎ ಅನ್ನುವ ದ್ರಾವಣ ಹನಿ ಹನಿಯಾಗಿ ಬೀಳುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಪೂರ್ತಿ ಹಿಡಿದಾದ ಕ್ಷಣ ಕೆಂಪು ಹೋಗಿ ಅಚ್ಚ ನೀಲಿ ಬರುತ್ತದೆ. ಗಡಸುತನ 100 ಇರುವ ನೀರಾದರೆ ಸುಮಾರು 5 ಮಿ.ಲೀ.ಗೇ ನೀಲಿ. 500 ಇದ್ದರೆ 25 ಮಿ.ಲೀ., ಬ್ಯೂರೆಟ್ ಅರ್ಧ ಖಾಲಿ. ಇದರಲ್ಲಿ ಮುಚ್ಚುಮರೆ ಏನಿಲ್ಲ. ಹನಿ ಎಣಿಸಿದರೆ ಲೆಕ್ಕ ಸಿಗುತ್ತದೆ.

ಹೀಗೆ ವರ್ಷಕ್ಕೊಮ್ಮೆಯಾದರೂ ಮಾಡಿಸಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೋಲಾರದ ಕೆರೆಗಳಿಗೆ ಬರುತ್ತಿದೆ. ಅಂತರ್ಜಲ ಏರಿದರೆ ಅದರ ಗುಣವೂ ಬದಲಾಗಬಹುದು. ಬೋರ್ ಕೊರೆಸಿದ ದಿನದ ರಿಪೋರ್ಟ್ ಇಟ್ಟುಕೊಂಡು ಇವತ್ತಿನ ನೀರನ್ನು ನಂಬಬೇಡಿ.

ಕಿಡ್ನಿ ಸ್ಟೋನ್ ವಿಷಯ. ಪಾತ್ರೆಯಲ್ಲಿ ಕಲ್ಲು ಕಟ್ಟುತ್ತದೆ, ಹಾಗಾದರೆ ಹೊಟ್ಟೆಯಲ್ಲೂ ಕಟ್ಟುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕೇಳಲು ಸರಿ ಅನ್ನಿಸುತ್ತದೆ, ಆದರೆ ಹಾಗಲ್ಲ. ಹೆಚ್ಚಿನ ಕಿಡ್ನಿ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟಿನವು. ಊಟದ ಜೊತೆ ಹೋಗುವ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಗೆ ಹಾಕುತ್ತದೆ. ಗಡಸು ನೀರು ಕುಡಿಯುವುದರಿಂದಲೇ ಕಲ್ಲಾಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಲೆಕ್ಕ ನೋಡಿ: ನಿಮ್ಮ ನೀರಿನಲ್ಲಿ ಲೀಟರಿಗೆ 100 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಅಂದುಕೊಂಡರೆ, ಮೂರು ಲೀಟರ್ ಕುಡಿದಾಗ 300 ಮಿಲಿಗ್ರಾಂ. ಮುದ್ದೆಗೆ ಹಾಕುವ 100 ಗ್ರಾಂ ರಾಗಿ ಹಿಟ್ಟಿನಲ್ಲೇ ಸುಮಾರು 350 ಮಿಲಿಗ್ರಾಂ ಇರುತ್ತದೆ. ಮುದ್ದೆಗೆ ಹೆದರದವರು ನೀರಿಗೆ ಯಾಕೆ ಹೆದರಬೇಕು?

ಆದರೂ ಗಡಸು ನೀರಿಗೂ ಕಲ್ಲಿಗೂ ಬೇರೊಂದು ಸಂಬಂಧ ನಾನು ನೋಡಿದ್ದೇನೆ. ನೀರು ಚಪ್ಪೆಯೂ ಅಲ್ಲದ, ಸಿಹಿಯೂ ಅಲ್ಲದ ರುಚಿ ಇದ್ದಾಗ ಜನ ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಬಿಸಿಲಿನಲ್ಲಿ ಕೆಲಸ, ನೀರು ಕಡಿಮೆ, ಮೂತ್ರ ಗಟ್ಟಿ. ಕಲ್ಲಾಗುವುದು ಹೀಗೆ. ಒಮ್ಮೆ ಕಲ್ಲಾದವರಿಗೆ ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಿರಿ ಅಂತ ವೈದ್ಯರು ಹೇಳುತ್ತಾರೆ. ನಿಮ್ಮ ಯಜಮಾನರಿಗೆ ಕುಡಿಯಲು ಇಷ್ಟವಾಗುವ ರುಚಿಯ ನೀರು ಮನೆಯಲ್ಲಿರಲಿ, ಅದು ಮುಖ್ಯ. ಉಳಿದದ್ದು ಅವರ ವೈದ್ಯರ ಸಲಹೆಯಂತೆ.

ಕೂದಲಿಗೆ ಹೆಚ್ಚು ಮಾತು ಬೇಡ. ಗಡಸು ನೀರಿನಿಂದ ಕೂದಲು ಒರಟಾಗುತ್ತದೆ, ಸೋಪಿನ ಜಿಡ್ಡು ಅಂಟುತ್ತದೆ, ತುದಿ ಮುರಿಯಬಹುದು. ಬುಡದಿಂದ ಉದುರಲು ಅದು ಕಾರಣವಲ್ಲ. ಹೆರಿಗೆಯಾಗಿ ಮೂರ್ನಾಲ್ಕು ತಿಂಗಳಿಗೆ ಕೂದಲು ಉದುರುವುದು ತುಂಬಾ ಸಾಮಾನ್ಯ, ನಿಮ್ಮ ಮಗುವಿಗೆ ಈಗ ನಾಲ್ಕು ತಿಂಗಳು. ಅದು ತಾನಾಗೇ ನಿಲ್ಲುತ್ತದೆ. ನಿಲ್ಲದಿದ್ದರೆ ರಕ್ತದಲ್ಲಿ ಕಬ್ಬಿಣಾಂಶ, ಥೈರಾಯ್ಡ್ ನೋಡಿಸಿ. ತಲೆಗೆ ಕೊನೆಯಲ್ಲಿ ಒಂದು ಚೊಂಬು ಮೆದು ನೀರು ಹಾಕಿಕೊಂಡರೆ ಜಿಡ್ಡು ಹೋಗುತ್ತದೆ. ಚರ್ಮದ ತುರಿಕೆಗೂ ಸಾಫ್ಟ್‌ನರ್ ಮಾರುತ್ತಾರೆ. ಇಂಗ್ಲೆಂಡಿನಲ್ಲಿ ಎಕ್ಸಿಮಾ ಇದ್ದ 300ಕ್ಕೂ ಹೆಚ್ಚು ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಫ್ಟ್‌ನರ್ ಹಾಕಿದ ಮನೆಯ ಮಕ್ಕಳಿಗೆ ಹೆಚ್ಚಿನ ಉಪಯೋಗ ಕಾಣಲಿಲ್ಲ.

ಹಾಗಾದರೆ ಗಡಸು ನೀರಿನ ನಷ್ಟ ಎಲ್ಲಿ? ಜೇಬಿನಲ್ಲಿ.

ಸೋಪನ್ನೇ ತೆಗೆದುಕೊಳ್ಳಿ. ಸೋಪು ಕ್ಯಾಲ್ಸಿಯಂ ಜೊತೆ ಸೇರಿದರೆ ಅಂಟು ಅಂಟಾದ ಬಿಳಿ ಜಿಡ್ಡಾಗುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಪೂರ್ತಿ ಮುಗಿಯುವವರೆಗೆ ನೊರೆ ನಿಲ್ಲುವುದಿಲ್ಲ. ಗಡಸುತನ 500 ಇದ್ದರೆ, ಹತ್ತು ಲೀಟರಿನ ಒಂದು ಬಕೆಟ್ ನೀರು ಸುಮಾರು 30 ಗ್ರಾಂ ಸೋಪನ್ನು ಸುಮ್ನೆ ನುಂಗಿ ಹಾಕುತ್ತದೆ. ನೊರೆ ಶುರುವಾಗುವುದು ಆಮೇಲೆ. ನಿಮ್ಮ ಬಿಳಿ ಬಟ್ಟೆ ಮಾಸಲಾಗಲು ನೂಲಿನೊಳಗೆ ಕೂತ ಈ ಜಿಡ್ಡೇ ಕಾರಣ. ಬಟ್ಟೆಗೆ ಬಾರ್ ಸೋಪು ಬಿಟ್ಟು ಡಿಟರ್ಜೆಂಟ್ ಪುಡಿ ಬಳಸಿ, ಅದು ಗಡಸು ನೀರಿನಲ್ಲೂ ಕೆಲಸ ಮಾಡುತ್ತದೆ. ಬಟ್ಟೆ ನೆನೆಸುವ ಮೊದಲು ನೀರಿಗೆ ಒಂದು ಚಮಚ ಬಟ್ಟೆ ಸೋಡಾ ಹಾಕಿ ಹತ್ತು ನಿಮಿಷ ಬಿಟ್ಟರೆ ಇನ್ನೂ ಒಳ್ಳೆಯದು. ಕ್ಯಾಲ್ಸಿಯಂ ಅಲ್ಲೇ ಗಟ್ಟಿಯಾಗಿ ತಳಕ್ಕೆ ಇಳಿಯುತ್ತದೆ. ರೇಷ್ಮೆ, ಉಣ್ಣೆಗೆ ಮಾತ್ರ ಸೋಡಾ ಬೇಡ.

ಬೇಳೆಯ ಕತೆಯೂ ಕ್ಯಾಲ್ಸಿಯಂದೇ. ಕಾಳಿನ ಗೋಡೆಯಲ್ಲಿ ಪೆಕ್ಟಿನ್ ಅನ್ನುವ ಅಂಟು ಇರುತ್ತದೆ. ಬೇಯುವಾಗ ಅದು ಕರಗಬೇಕು. ಕ್ಯಾಲ್ಸಿಯಂ ಅದನ್ನು ಹಿಡಿದು ಬಿಗಿ ಮಾಡಿಬಿಡುತ್ತದೆ. ತೊಗರಿ, ಹುರುಳಿ, ಒಣ ಅವರೆ ಎಲ್ಲಕ್ಕೂ ಇದೇ. ನೆನೆಸಲೂ ಬೇಯಿಸಲೂ ಮೆದು ನೀರು ಬಳಸಿ, ಹುಣಸೆ ಹುಳಿ ಮತ್ತು ಟೊಮೆಟೊ ಬೇಳೆ ಬೆಂದ ಮೇಲೆ ಹಾಕಿ. ಹುಳಿ ಮೊದಲೇ ಬಿದ್ದರೂ ಬೇಳೆ ಬಿಗಿಯಾಗುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಬೇಯುವುದು ನಿಜ. ಆದರೆ ಬಿ ವಿಟಮಿನ್ ಸ್ವಲ್ಪ ಹಾಳಾಗುತ್ತದೆ, ಬಿ.ಪಿ. ಇರುವ ಅತ್ತೆಯವರಿಗೆ ಅದರ ಸೋಡಿಯಂ ಬೇಡ. ಬೇಳೆ ತುಂಬಾ ಹಳೆಯದಾದರೆ ಯಾವ ನೀರಿನಲ್ಲೂ ಬೇಯುವುದಿಲ್ಲ, ಅದನ್ನೂ ಒಮ್ಮೆ ನೋಡಿಕೊಳ್ಳಿ.

ಇನ್ನು ಗೀಸರ್. ನೀರು 60 ಡಿಗ್ರಿ ದಾಟಿದರೆ ಕಲ್ಲು ಕಟ್ಟುವ ವೇಗ ಜೋರಾಗುತ್ತದೆ. ಬಿಚ್ಚಿದ ಕಾಯಿಲ್ ನೀವೇ ನೋಡಿರಬೇಕು: ಬೆರಳು ದಪ್ಪದ ತಾಮ್ರದ ಕೊಳವೆ ಬಿಳಿ ಕಲ್ಲಿನ ಕವಚದೊಳಗೆ ಮುಚ್ಚಿಹೋಗಿರುತ್ತದೆ, ಉಗುರಿನಿಂದ ಕೆರೆದರೂ ಬರುವುದಿಲ್ಲ. ಕಾಯಿಲ್ಲಿನ ಶಾಖ ಆ ಕವಚ ದಾಟಿ ನೀರಿಗೆ ಹೋಗುವುದಿಲ್ಲ. ಕಾಯಿಲ್ ತನ್ನ ಶಾಖಕ್ಕೆ ತಾನೇ ಸುಟ್ಟುಹೋಗುತ್ತದೆ. ಥರ್ಮೋಸ್ಟಾಟ್ 50–55ಕ್ಕೆ ಇಳಿಸಿ. ಊರಿಗೆ ಹೋಗಿ ನಾಲ್ಕು ದಿನ ನೀರು ಒಳಗೇ ನಿಂತಿದ್ದರೆ ಮಾತ್ರ ಒಮ್ಮೆ ಪೂರ್ತಿ ಬಿಸಿ ಮಾಡಿ, ಆ ನೀರು ಹೊರಹಾಕಿ ಬಳಸಿ. ಒಳಗಿನಿಂದ ಗುಡುಗುಡು ಸದ್ದು ಬಂದರೆ, ಕಾಯಲು ಹೊತ್ತು ಹಿಡಿದರೆ, ಮೆಕ್ಯಾನಿಕ್ ಕರೆಸಿ ಕಲ್ಲು ತೆಗೆಸಿ. ನಿಮ್ಮ ನೀರಿಗೆ ವರ್ಷಕ್ಕೊಮ್ಮೆ ತಪ್ಪದೆ ಮಾಡಿಸಬೇಕು. ಆಗ ಎರಡು ವಿಷಯ ಒತ್ತಾಯ ಮಾಡಿ ಕೇಳಿ. ಒಂದು, ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ಮೆಗ್ನೀಸಿಯಂ ಆನೋಡ್ ಕಡ್ಡಿ ಉಳಿದಿದೆಯಾ ನೋಡಿಸಿ. ಎರಡು, ಸೇಫ್ಟಿ ವಾಲ್ವ್ ಕಲ್ಲಿನಿಂದ ಕಚ್ಚಿಕೊಂಡಿದೆಯಾ ನೋಡಿಸಿ. ಕಾಯಿಲ್ ಹೋದರೆ ದುಡ್ಡು ಹೋಗುತ್ತದೆ ಅಷ್ಟೇ. ಸೇಫ್ಟಿ ವಾಲ್ವ್ ಮುಚ್ಚಿಕೊಂಡರೆ ಗೀಸರ್ ಸಿಡಿಯಬಹುದು. ಗಡಸು ನೀರಿನ ಊರಿನಲ್ಲಿ ನನಗೆ ಎಲ್ಲಕ್ಕಿಂತ ಭಯ ಇದರದ್ದೇ, ಯಾರೂ ಅದನ್ನು ಕೇಳುವುದಿಲ್ಲ.

ನಲ್ಲಿ, ಶವರ್ ಮೇಲಿನ ಬಿಳಿ ಕಲೆಗೆ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಎರಡು ಚಮಚ ಒಂದು ಲೀಟರ್ ಬೆಚ್ಚನೆ ನೀರಿಗೆ ಹಾಕಿ. ಬಟ್ಟೆ ಅದ್ದಿ ಅರ್ಧ ಗಂಟೆ ಸುತ್ತಿಡಿ. ಮಾರ್ಬಲ್ ಮೇಲೆ ಬೇಡ, ಕಲ್ಲೇ ಕರಗುತ್ತದೆ. ಬಾತ್‌ರೂಮ್ ಆಸಿಡ್ ಸುರಿಯುವ ಅಭ್ಯಾಸ ಇದ್ದರೆ ಬಿಡಿ. ಅದು ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ. ಬಾಗಿಲು ಮುಚ್ಚಿದ ಬಾತ್‌ರೂಮಿನಲ್ಲಿ ಪ್ರಾಣಕ್ಕೇ ಕುತ್ತು.

ಈಗ 68,000ದ ಪ್ರಶ್ನೆ. ಸಾಫ್ಟ್‌ನರ್ ಮೋಸವಲ್ಲ, ಅದು ಕೆಲಸ ಮಾಡುತ್ತದೆ. ಒಳಗಿರುವ ಸಣ್ಣ ಮಣಿಗಳಂಥ ರೆಸಿನ್ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಸೋಪು ನೊರೆ ಬರುತ್ತದೆ, ಗೀಸರ್ ಉಳಿಯುತ್ತದೆ. ಆದರೆ ಟಿಡಿಎಸ್ ಇಳಿಯುವುದಿಲ್ಲ. ಫ್ಲೋರೈಡ್, ನೈಟ್ರೇಟ್ ಎರಡೂ ಹೋಗುವುದಿಲ್ಲ. ಅಂದರೆ ನಿಮ್ಮ ಮಕ್ಕಳ ಬಗ್ಗೆ ಇರುವ ಹೆದರಿಕೆಗೂ ಆ ಯಂತ್ರಕ್ಕೂ ಸಂಬಂಧವೇ ಇಲ್ಲ. ಇನ್ನೊಂದು, ಗಡಸುತನ 500 ಇದ್ದ ನೀರು ಸಾಫ್ಟ್‌ನರ್ ದಾಟಿ ಬಂದರೆ ಲೀಟರಿಗೆ ಸುಮಾರು 230 ಮಿಲಿಗ್ರಾಂ ಸೋಡಿಯಂ ಹೊಸದಾಗಿ ಸೇರುತ್ತದೆ. ಮೂರು ಲೀಟರ್ ಕುಡಿದರೆ 690. ದಿನದ ಊಟ, ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿ 2,000 ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ಅತ್ತೆಯವರಿಗೆ ಆ ನೀರು ಕುಡಿಸುವ ಹಾಗಿಲ್ಲ, ಮಗುವಿಗೂ ಬೇಡ. ಮನೆಗೆ ಬಂದವರು ಇದನ್ನು ಹೇಳಿದ್ದರಾ? ಜೊತೆಗೆ ರೆಸಿನ್ ತೊಳೆಯಲು ಆಗಾಗ ಮೂಟೆಗಟ್ಟಲೆ ಉಪ್ಪು ಬೇಕು. ಆ ಉಪ್ಪುನೀರು ಎಲ್ಲಿಗೆ ಹೋಗುತ್ತದೆ? ಗಿಡದ ಬುಡಕ್ಕೂ ಇಂಗುಗುಂಡಿಗೂ ಬಿಡಬಾರದು. ಇಂಗುಗುಂಡಿಗೆ ಬಿಟ್ಟರೆ ನಿಮ್ಮ ಬೋರಿಗೇ ವಾಪಸ್ ಬರುತ್ತದೆ.

ನನ್ನ ಸಲಹೆ ಬೇರೆ. ನಗರದ ನೀರು ಸರಬರಾಜಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ ಇಡುತ್ತಾರೆ. ಐದು ಜನಕ್ಕೆ ಸುಮಾರು 675 ಲೀಟರ್. ಅದರಲ್ಲಿ ಕುಡಿಯಲು, ಅಡುಗೆಗೆ ಬೇಕಾದದ್ದು 25–30 ಲೀಟರ್. ಕಕ್ಕಸಿಗೆ, ನೆಲ ಒರೆಸಲು, ಅಂಗಳ ತೊಳೆಯಲು ಗಡಸು ನೀರು ಇದ್ದರೇನು? ಆ 30 ಲೀಟರನ್ನು ಚೆನ್ನಾಗಿ ನೋಡಿಕೊಳ್ಳಿ. ಉಳಿದದ್ದಕ್ಕೆ ದುಡ್ಡು ಸುರಿಯಬೇಡಿ.

ಮೊದಲ ಕೆಲಸ ಪ್ಲಂಬರಿಂದ. ಎರಡೂ ನೀರು ಒಂದೇ ಸಂಪಿಗೆ ಬೀಳುವುದನ್ನು ನಿಲ್ಲಿಸಿ. ವಾರಕ್ಕೊಮ್ಮೆ ಬರುವುದು ಮೆದು ನೀರಾಗಿದ್ದರೆ, ಅದನ್ನು ನೀವೇ ಬೋರ್ ನೀರಿಗೆ ಬೆರೆಸಿ ಹಾಳು ಮಾಡುತ್ತಿದ್ದೀರಿ. ನಗರಸಭೆ ನೀರಿಗೆ ಬೇರೆ ಟ್ಯಾಂಕ್ ಇಟ್ಟು, ಅಡುಗೆಮನೆಗೂ ಗೀಸರಿಗೂ ಅದರ ಪೈಪ್ ಕೊಡಿ. ಪರೀಕ್ಷೆಯಲ್ಲಿ ಅದು ಮೆದು ಅಂತ ಬಂದರೆ ನಿಮ್ಮ ಗೀಸರಿನ ಸಮಸ್ಯೆ ಅಲ್ಲಿಗೇ ಮುಕ್ಕಾಲು ಮುಗಿಯಿತು. ನಗರಸಭೆ ಕೊಡುವುದೂ ಗಡಸಾದ ಬೋರ್ ನೀರೇ ಆಗಿದ್ದರೆ, ಗೀಸರಿಗೆ ಮತ್ತು ವಾಷಿಂಗ್ ಮೆಷಿನ್ನಿಗೆ ಮಾತ್ರ ಚಿಕ್ಕ ಸಾಫ್ಟ್‌ನರ್ ಸಾಕು. ಅಡುಗೆಮನೆ ನಲ್ಲಿ ಅದಕ್ಕೆ ಸೇರಬಾರದು. ಪೈಪಿನ ಮೇಲೆ ಕಟ್ಟುವ ಅಯಸ್ಕಾಂತದ ಪಟ್ಟಿಗೆ ದುಡ್ಡು ಕೊಡಬೇಡಿ, ಅದು ನೀರಿನಿಂದ ಕ್ಯಾಲ್ಸಿಯಂ ತೆಗೆಯುವುದಿಲ್ಲ.

ಕುಡಿಯಲು: ಫ್ಲೋರೈಡ್ ಅಥವಾ ನೈಟ್ರೇಟ್ ಮಿತಿ ದಾಟಿದ್ದರೆ ಅಡುಗೆಮನೆಗೆ ಆರ್‌ಒ ಬೇಕೇ ಬೇಕು. ಆದರೆ ಕೊಳ್ಳುವಾಗ ಒಂದು ವಿಷಯ ಗಟ್ಟಿಯಾಗಿ ಹೇಳಿ. ತುಂಬಾ ಯಂತ್ರಗಳಲ್ಲಿ ಟಿಡಿಎಸ್ ಕಂಟ್ರೋಲರ್ ಅನ್ನುವ ತಿರುಪು ಇರುತ್ತದೆ. 'ಮಿನರಲ್ ಉಳಿಸುತ್ತದೆ' ಅನ್ನುತ್ತಾರೆ. ಅದು ಮಾಡುವುದು ಇಷ್ಟೇ: ಶುದ್ಧವಾದ ನೀರಿಗೆ ಸ್ವಲ್ಪ ಹಸಿ ನೀರನ್ನು ವಾಪಸ್ ಬೆರೆಸುತ್ತದೆ. ತೆಗೆದ ಫ್ಲೋರೈಡ್ ಹಿಂಬಾಗಿಲಿನಿಂದ ಮತ್ತೆ ಒಳಗೆ. ಕೋಲಾರದಲ್ಲಿ ಆ ತಿರುಪು ಮುಚ್ಚಿಯೇ ಇರಬೇಕು. ಆರ್‌ಒ ನೀರು ಕುಡಿದರೆ ಮೂಳೆ ಸವೆಯುತ್ತದೆ ಅನ್ನುವ ಭಯವೂ ಬೇಡ. ರಾಗಿ, ಹಾಲು, ಸೊಪ್ಪು ತಿನ್ನುವ ಮನೆಗೆ ಕ್ಯಾಲ್ಸಿಯಂ ನೀರಿನಿಂದಲೇ ಬರಬೇಕಾಗಿಲ್ಲ. ಒಂದು ಲೀಟರ್ ಒಳ್ಳೆ ನೀರಿಗೆ ಮೂರು ಲೀಟರ್ ವೇಸ್ಟ್ ಹೋಗುವುದು ಸಾಮಾನ್ಯ, ಅದನ್ನು ಹಿಡಿದು ಕಕ್ಕಸಿಗೆ ಬಳಸಿ. ಆರ್‌ಒ ಬದಲು ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುವುದಾದರೆ ಅದೂ ಸರಿಯೇ. ಆ ನೀರನ್ನೂ ಒಮ್ಮೆ ಪರೀಕ್ಷೆಗೆ ಕೊಡಿ. ನೀರು ಸೋಸುವ ಮೆಂಬ್ರೇನ್ ಬದಲಿಸದೆ ಓಡಿಸುವ ಘಟಕಗಳು ಇವೆ.

ನನ್ನ ಮನಸ್ಸಿಗೆ ಹತ್ತಿರವಾದದ್ದು ಮಳೆನೀರು. ನಿಮ್ಮ ತಾರಸಿ ಸುಮಾರು 1,000 ಚದರ ಅಡಿ ಇದ್ದರೆ, ವರ್ಷಕ್ಕೆ 700 ಮಿ.ಮೀ. ಮಳೆ ಬಿದ್ದರೂ, ಐದರಲ್ಲಿ ಒಂದು ಭಾಗ ಪೋಲಾದರೂ, ಸುಮಾರು 50,000 ಲೀಟರ್ ಸಿಗುತ್ತದೆ. ನಿಮ್ಮ ಅಡುಗೆಮನೆಗೆ ವರ್ಷಕ್ಕೆ ಬೇಕಾಗಿರುವುದು 11,000. ಮಳೆನೀರಿನಲ್ಲಿ ಗಡಸುತನ ಇಲ್ಲವೇ ಇಲ್ಲ ಅನ್ನಬಹುದು, ಫ್ಲೋರೈಡೂ ಹಾಗೆಯೇ. 5,000 ಲೀಟರಿನ ಮುಚ್ಚಿದ ಟ್ಯಾಂಕ್ ಇದ್ದರೆ ದಿನಕ್ಕೆ 30 ಲೀಟರಿನಂತೆ ಐದೂವರೆ ತಿಂಗಳು ಬರುತ್ತದೆ. ಡಿಸೆಂಬರಿನಲ್ಲಿ ತುಂಬಿದ್ದು ಮೇ ಮಳೆಯವರೆಗೆ. ಮೊದಲ ಮಳೆಯ ನೀರು ಹೊರಗೆ ಬಿಡಿ, ಪೈಪಿಗೆ ಫಿಲ್ಟರ್ ಹಾಕಿಸಿ, ಟ್ಯಾಂಕಿಗೆ ಬೆಳಕು ಬೀಳದಂತೆ ಮುಚ್ಚಿ, ಕುಡಿಯುವ ಮೊದಲು ಕುದಿಸಿ. ತಾರಸಿಯಲ್ಲಿ ಪಾರಿವಾಳ ಇದ್ದರೆ ಮೊದಲು ಅವಕ್ಕೊಂದು ದಾರಿ ಮಾಡಿ. ಈ ನೀರಿನಲ್ಲಿ ಬೇಯಿಸಿದ ತೊಗರಿಬೇಳೆ ನೋಡಿ, ನಿಮ್ಮ ಅತ್ತೆಯವರು ಬೇರೆ ನೀರು ಮುಟ್ಟುವುದಿಲ್ಲ.

ರಿಪೋರ್ಟ್ ಬಂದ ಮೇಲೆ ನನಗೆ ಕಳುಹಿಸಿ. ನೈಟ್ರೇಟ್ 45 ದಾಟಿದ್ದರೆ ನಿಮ್ಮ ಅಥವಾ ಪಕ್ಕದ ಮನೆಯ ಶೌಚದ ಗುಂಡಿ ಬೋರಿನಿಂದ ಎಷ್ಟು ಅಡಿ ದೂರ ಇದೆ ಅಂತ ಅಳತೆ ಮಾಡಿ ಬರೆಯಿರಿ. ಬೋರಿನ ಕೇಸಿಂಗ್ ಪೈಪ್ ಎಷ್ಟು ಆಳದವರೆಗೆ ಇಳಿಸಿದ್ದಾರೆ ಅನ್ನುವುದನ್ನೂ ತಿಳಿಸಿ. ಅಲ್ಲಿಯವರೆಗೆ 68,000ಕ್ಕೆ ಅಡ್ವಾನ್ಸ್ ಕೊಡಬೇಡಿ.